ಗಿರಾಕಿ ಕಂಪನಿ ಮೂರು ವರ್ಷದ ‘ಸಸ್ಟೈನಬಿಲಿಟಿ ಪ್ಲಾನ್’ ಕೇಳಿದೆ. ನಮ್ಮಂಥ ಸಣ್ಣ ಫೌಂಡ್ರಿ ಏನು ಬರೆದುಕೊಡಬೇಕು?

ಎರಕದವನು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯಲ್ಲಿ ನಮ್ಮದೊಂದು ಫೌಂಡ್ರಿ ಇದೆ, ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ (ಮೋಲ್ಡ್) ಹೊಯ್ಯುವ ಕಾರ್ಖಾನೆ. ಅಪ್ಪ ಶುರು ಮಾಡಿದ್ದು. ನಾನು ಬಂದು ಆರು ವರ್ಷ ಆಯ್ತು. 60 ಜನ ಕೆಲಸ ಮಾಡುತ್ತಾರೆ, ಎರಡು ಶಿಫ್ಟ್, ಕರೆಂಟಿನಿಂದ ಕರಗಿಸುವ 500 ಕೆಜಿಯ ಇಂಡಕ್ಷನ್ ಫರ್ನೇಸ್. ತಿಂಗಳಿಗೆ 120 ಟನ್ ಗ್ರೇ ಐರನ್ ಕಾಸ್ಟಿಂಗ್ (ಎರಕದ ಕಬ್ಬಿಣದ ಮಾಲು) ಗೇಟು ದಾಟುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಒಂದೇ ಗಿರಾಕಿಗೆ. ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿ, ಹೆಸರು ಬೇಡ.

ಹೋದ ವಾರ ಅವರಿಂದ ಒಂದು ಎಕ್ಸೆಲ್ ಬಂತು. 46 ಪ್ರಶ್ನೆ. ಕಾರ್ಬನ್ ಎಷ್ಟು, ನೀರಿನ ನೀತಿ ಏನು, ಜೀವವೈವಿಧ್ಯದ ಮೇಲೆ ನಿಮ್ಮ ಪರಿಣಾಮ ಏನು. ನಮ್ಮ ಶೆಡ್ ಹಿಂದೆ ಎರಡು ಹೊಂಗೆ ಮರ, ಒಂದು ನಾಯಿ ಇವೆ. ಅದನ್ನು ಬರೆಯಲಾ? ಇದರ ಜೊತೆಗೆ ಮೂರು ವರ್ಷದ ಪ್ಲಾನ್ ಬೇರೆ ಬೇಕಂತೆ, ಮುಂದಿನ ತಿಂಗಳು 20ರ ಒಳಗೆ.

ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರನ್ನು ಕೇಳಿದೆ. 2.8 ಲಕ್ಷ ಅಂದರು. 60 ಪುಟದ ಸ್ಯಾಂಪಲ್ ಕಳಿಸಿದರು. 14ನೇ ಪುಟದಲ್ಲಿ ‘ನಮ್ಮ ನೂಲಿನ ಗಿರಣಿ’ ಅಂತ ಹಾಗೇ ಉಳಿದಿತ್ತು. ಅಪ್ಪನಿಗೆ ತೋರಿಸಿದೆ. “ಈ ದುಡ್ಡಲ್ಲಿ ಸೋರೋ ಶೀಟ್ ಬದಲಾಯಿಸು” ಅಂದು ಎದ್ದು ಹೋದರು.

ಇನ್ನೊಂದು ವಿಷಯ. ಪ್ಲಾನ್ ಕೇಳಿದ ವಾರವೇ ಅದೇ ಕಂಪನಿಯ ಬೇರೆ ವಿಭಾಗದಿಂದ ರೇಟ್ 2% ಇಳಿಸಿ ಅಂತಲೂ ಮೇಲ್ ಬಂದಿದೆ.

ಸುಮ್ನಿರೋಲ್ಲ

ಎಲ್ಲಾ ನಾಟಕ ಸಾರ್. ಹಿಂದೆ ಐಎಸ್ಓ ಅಂದರು, ಗೋಡೆಗೆ ಸರ್ಟಿಫಿಕೇಟ್ ಹಾಕಿದೆವು, ಅದರ ಮೇಲೆ ಜೇಡ ಗೂಡು ಕಟ್ಟಿತು. ಈಗ ಇದು. ಯಾವುದಾದರೂ ಪ್ಲಾನ್ ಕಾಪಿ ಹೊಡೆದು ಕಳಿಸಿ, ಯಾರೂ ಓದಲ್ಲ.

ಪರ್ಚೇಸ್ ಡೆಸ್ಕ್

ಓದುತ್ತೇವೆ. ನಾನು ಇಂಥದ್ದೇ ಒಂದು ಕಂಪನಿಯ ಖರೀದಿ ವಿಭಾಗದಲ್ಲಿದ್ದೇನೆ, ನಿಮ್ಮ ಗಿರಾಕಿ ಕಂಪನಿ ಅಲ್ಲ. ಇದು ಎಲ್ಲಿಂದ ಬಂತು ಅಂತ ಮೊದಲು ಹೇಳಿಬಿಡುತ್ತೇನೆ.

ಷೇರುಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅನ್ನೋ ವರದಿ ಕೊಡಲೇಬೇಕು ಅಂತ ಷೇರುಪೇಟೆ ನಿಯಂತ್ರಿಸುವ ಸೆಬಿ ನಿಯಮ ಮಾಡಿತು. ಪರಿಸರ, ಕಾರ್ಮಿಕರು, ಆಡಳಿತ ಎಲ್ಲ ಅದರಲ್ಲಿ ಬರುತ್ತದೆ. 2023ರಲ್ಲಿ ಅದಕ್ಕೇ ‘ಕೋರ್’ ಅಂತ ಇನ್ನೊಂದು ಭಾಗ ಸೇರಿತು. ದೊಡ್ಡ ಕಂಪನಿಗಳು ತಮಗೆ ಮಾಲು ಕೊಡುವವರ ಲೆಕ್ಕವನ್ನೂ ಸೇರಿಸಬೇಕು ಅಂತ ಮಾತು ಬಂದಿದ್ದು ಆಗ. ಗಲಾಟೆ ಆಯ್ತು. ಆಮೇಲೆ ಅದನ್ನು ಸಡಿಲ ಮಾಡಿದರು. ಈಗ ಒಟ್ಟು ಖರೀದಿಯಲ್ಲಿ 2% ಅಥವಾ ಜಾಸ್ತಿ ಪಾಲು ಇರುವ ಸಪ್ಲೈಯರ್ ಲೆಕ್ಕ ಮಾತ್ರ, ಅದೂ ಇಷ್ಟವಿದ್ದರೆ.

ಅಂದರೆ ಕಾನೂನು ನಿಮ್ಮ ಕುತ್ತಿಗೆ ಮೇಲೆ ಕೂತಿಲ್ಲ. ಕೂತಿರುವುದು ಗಿರಾಕಿ. ನಾಳೆ ಎರಡು ಫೌಂಡ್ರಿಯಲ್ಲಿ ಒಂದನ್ನು ಆರಿಸಬೇಕಾದಾಗ ಈ ಎಕ್ಸೆಲ್ ಮೇಜಿನ ಮೇಲೆ ಇರುತ್ತದೆ.

46 ಪ್ರಶ್ನೆಯಲ್ಲಿ ನಾವು ನಿಜವಾಗಿ ನೋಡೋದು ಏಳೆಂಟು ಅಷ್ಟೇ. ಕರೆಂಟ್ ಯೂನಿಟ್, ಡೀಸೆಲ್ ಲೀಟರ್, ನೀರು, ಕಸ ಯಾರಿಗೆ ಕೊಟ್ಟಿರಿ ಅನ್ನೋ ಬಿಲ್, ಅಪಘಾತ, ಪಿಎಫ್ ಇಎಸ್ಐ. ಉಳಿದದ್ದಕ್ಕೆ ‘ನಮಗೆ ಅನ್ವಯಿಸುವುದಿಲ್ಲ’ ಅಂತ ಧೈರ್ಯವಾಗಿ ಬರೆಯಿರಿ. ನಾಯಿ ಬೇಡ. ಸುಳ್ಳಂತೂ ಬೇಡವೇ ಬೇಡ. ಒಬ್ಬರು ನಮಗೆ 100% ಸೋಲಾರ್ ಅಂತ ಬರೆದು ಕಳಿಸಿದ್ದರು. ಅದರ ಜೊತೆಗೇ ಜನರೇಟರ್ ಡೀಸೆಲ್ ಬಿಲ್ ಪಿನ್ ಮಾಡಿದ್ದರು.

ಯೂನಿಟ್ ಲೆಕ್ಕ

ಎರಕದವನು ಅವರೇ, ನಾನು ಎನರ್ಜಿ ಆಡಿಟ್ ಮಾಡುವವನು. ಪ್ಲಾನ್ ಬರೆಯೋಕೆ ಕೂರಬೇಡಿ. ಮೊದಲು ಇಷ್ಟು ಹೇಳಿ: ತಿಂಗಳಿಗೆ ಎಷ್ಟು ಯೂನಿಟ್? ಅದರಲ್ಲಿ ಫರ್ನೇಸ್ ಮೀಟರ್ ಎಷ್ಟು ತೋರಿಸುತ್ತದೆ? ಎಷ್ಟು ಟನ್ ಕರಗಿಸುತ್ತೀರಿ? ರಿಜೆಕ್ಷನ್, ಅಂದರೆ ದೋಷ ಬಂದು ತೆಗೆದುಹಾಕುವ ಮಾಲು ಎಷ್ಟು? ಡೀಸೆಲ್ ಎಷ್ಟು?

ಎರಕದವನು

ವರ್ಷದ ಬಿಲ್ ತೆಗೆದು ಸರಾಸರಿ ಹಾಕಿದೆ ಸಾರ್. 1,55,000 ಯೂನಿಟ್. ಫರ್ನೇಸ್‌ಗೆ ಬೇರೆ ಮೀಟರ್ ಇದೆ, ಟನ್‌ಗೆ 630 ಯೂನಿಟ್ ಬೀಳುತ್ತಿದೆ. ಕರಗಿಸೋದು 195 ಟನ್. ಅದರಲ್ಲಿ ರನ್ನರ್, ರೈಸರ್ (ಅಚ್ಚಿಗೆ ಲೋಹ ಹರಿಸಲು, ತುಂಬಿಕೊಡಲು ಇಟ್ಟ ಭಾಗ, ಆಮೇಲೆ ಕತ್ತರಿಸುವುದು) ಕಳೆದು 132 ಟನ್ ಕಾಸ್ಟಿಂಗ್ ಆಗುತ್ತದೆ. 12 ಟನ್ ರಿಜೆಕ್ಟ್. ಡೀಸೆಲ್ 400 ಲೀಟರ್.

ರಿಜೆಕ್ಷನ್ ಇಷ್ಟಿದೆ ಅಂತ ಗೊತ್ತಿತ್ತು. ಟನ್ ಲೆಕ್ಕದಲ್ಲಿ ಬರೆದು ನೋಡಿದ್ದು ಇದೇ ಮೊದಲು. ವಾಪಸ್ ಫರ್ನೇಸ್‌ಗೆ ಹೋಗುತ್ತಲ್ಲ, ಹಾಗಾಗಿ ಅದು ನಷ್ಟ ಅಂತ ಯಾರಿಗೂ ಅನ್ನಿಸೋದಿಲ್ಲ.

ಯೂನಿಟ್ ಲೆಕ್ಕ

ಅಲ್ಲೇ ಇರೋದು ನಿಮ್ಮ ಪ್ಲಾನ್.

ಮೊದಲು ಗಿರಾಕಿ ಕೇಳಿದ ಕಾರ್ಬನ್ ಲೆಕ್ಕ ಮುಗಿಸೋಣ, ಹತ್ತು ನಿಮಿಷದ ಕೆಲಸ. ನಮ್ಮ ದೇಶದ ಗ್ರಿಡ್ ಕರೆಂಟಿಗೆ ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈ ಆಕ್ಸೈಡ್ ಹಿಡಿಯುತ್ತಾರೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ನಿಖರ ಅಂಕಿ ಕೊಡುತ್ತದೆ, ಕಳಿಸುವಾಗ ಅದನ್ನೇ ಹಾಕಿ. 1,55,000 ಯೂನಿಟ್ ಅಂದರೆ ತಿಂಗಳಿಗೆ 108 ಟನ್ ಚಿಲ್ಲರೆ. ಡೀಸೆಲ್ ಲೀಟರಿಗೆ ಸುಮಾರು 2.7 ಕೆಜಿ, ಅದು ಒಂದು ಟನ್. ಡೀಸೆಲ್, ಎಲ್‌ಪಿಜಿ ಹೀಗೆ ನಿಮ್ಮ ಗೇಟಿನೊಳಗೆ ಉರಿದದ್ದು ಸ್ಕೋಪ್ 1. ಕೊಂಡುಕೊಂಡ ಕರೆಂಟು ಸ್ಕೋಪ್ 2. ಇದರಲ್ಲಿ ಗಿರಾಕಿಯ ಮಾಲಿಗೆ ಸೇರಿದ ಪಾಲು ಅವರ ಪುಸ್ತಕದಲ್ಲಿ ಸ್ಕೋಪ್ 3 ಆಗುತ್ತದೆ. ಅದಕ್ಕೇ ಅವರು ಕೇಳುತ್ತಿರುವುದು.

ಈಗ ರಿಜೆಕ್ಷನ್. 12 ಟನ್ ರಿಜೆಕ್ಟ್ ಮಾಲು ಮಾಡೋಕೆ ರನ್ನರ್ ರೈಸರ್ ಸೇರಿ ಹತ್ತಿರ 18 ಟನ್ ಲೋಹ ಕರಗಿಸಿದ್ದೀರಿ. 630ರ ಹಾಗೆ ಸುಮಾರು 11,000 ಯೂನಿಟ್. ಬರೀ ಕರಗಿಸಿದ್ದು ಇದು. ಮರಳು, ಕೋರ್ (ಒಳಗಿನ ಟೊಳ್ಳಿಗೆ ಇಡುವ ಮರಳಿನ ಅಚ್ಚು), ಶಾಟ್ ಬ್ಲಾಸ್ಟಿಂಗ್ (ಉಕ್ಕಿನ ಗುಂಡು ಹೊಡೆದು ಮೇಲ್ಮೈ ಚೊಕ್ಕ ಮಾಡುವುದು), ಕೂಲಿ ಬೇರೆ.

ಹೋಲಿಕೆಗೆ: ನಮ್ಮ ಕಡೆ ಒಂದು ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 50 ಕಿಲೋವ್ಯಾಟ್ ಹಾಕಿದರೆ ತಿಂಗಳಿಗೆ 6,000. ನೀವು ರಿಜೆಕ್ಷನ್ ಅರ್ಧ ಮಾಡಿದರೆ ಉಳಿಯೋದು ಹತ್ತಿರ ಹತ್ತಿರ ಅಷ್ಟೇ, 5,500. ಚಾವಣಿ ಬೇಡ, ಸಾಲ ಬೇಡ.

ಬಿಸಿಲುಕೋಲು

ಸೋಲಾರ್ ಬಗ್ಗೆ ಅಷ್ಟು ಹಗುರವಾಗಿ ಮಾತಾಡಬೇಡಿ ಸಾರ್. ಗಿರಾಕಿಗೆ ಫೋಟೊ ತೋರಿಸೋಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಹಾಕಿದ ಮೇಲೆ ಇಪ್ಪತ್ತು ವರ್ಷ ಚಿಂತೆ ಇಲ್ಲ. ರಿಜೆಕ್ಷನ್ ಈ ತಿಂಗಳು ಇಳಿದು ಮುಂದಿನ ತಿಂಗಳು ಏರುತ್ತೆ.

ಎರಕದವನು

ಸೋಲಾರ್‌ನವರು ಬಂದು ನೋಡಿ ಹೋಗಿದ್ದಾರೆ ಅಣ್ಣ. ನಮ್ಮದು ಹಳೇ ಸಿಮೆಂಟ್ ಶೀಟಿನ ಶೆಡ್. “ಮೇಲೆ ಹತ್ತೋಕೇ ಭಯ” ಅಂದರು. ಶೀಟ್ ತೆಗೆದು, ಟ್ರಸ್ ಗಟ್ಟಿ ಮಾಡಿಸಿ, ಆಮೇಲೆ ಪ್ಯಾನೆಲ್. ಜೊತೆಗೆ ಇಲ್ಲಿಯ ಜೂನ್, ಜುಲೈ, ಆಗಸ್ಟ್ ನಿಮಗೆ ಗೊತ್ತಲ್ವಾ. ಉಳಿದ ತಿಂಗಳು ನಮ್ಮದೇ ಚಿಮಣಿಯ ಕಪ್ಪು ಧೂಳು.

ಯೂನಿಟ್ ಲೆಕ್ಕ

ಸೋಲಾರ್ ಬೇಡ ಅಂದಿಲ್ಲ. ಮೂರನೇ ವರ್ಷಕ್ಕೆ ಇಡಿ ಅಂತ ನನ್ನ ಮಾತು. ಸೋರುವ ಬಿಂದಿಗೆಗೆ ದೊಡ್ಡ ನಲ್ಲಿ ಹಾಕಿಸಿದ ಹಾಗೆ ಆಗಬಾರದು. ಚಾವಣಿ ಆಗದಿದ್ದರೆ ಇನ್ನೊಂದು ದಾರಿಯೂ ಇದೆ. ಹೊರಗಿನ ಸೋಲಾರ್ ಪಾರ್ಕಿನಿಂದ ಕರೆಂಟ್ ಕೊಳ್ಳಲು ಮೊದಲು ಒಂದು ಮೆಗಾವ್ಯಾಟ್ ಬೇಡಿಕೆ ಬೇಕಿತ್ತು. 2022ರ ಗ್ರೀನ್ ಓಪನ್ ಆಕ್ಸೆಸ್ ನಿಯಮದಲ್ಲಿ ಅದನ್ನು 100 ಕಿಲೋವ್ಯಾಟಿಗೆ ಇಳಿಸಿದ್ದಾರೆ. ವೀಲಿಂಗ್ (ಕರೆಂಟನ್ನು ತಂತಿಯಲ್ಲಿ ತರುವ ಶುಲ್ಕ), ಸರ್‌ಚಾರ್ಜ್ ಎಲ್ಲ ಕೂಡಿಸಿ ನೋಡಿ. ಕೂಡಿಸದೆ ಯಾರ ಮಾತನ್ನೂ ನಂಬಬೇಡಿ.

ಟನ್‌ಗೆ 630 ಯಾಕೆ ಅನ್ನೋದನ್ನೂ ಹುಡುಕಿ. ಅದು 600ಕ್ಕೆ ಇಳಿದರೆ ಇನ್ನೊಂದು 5,800 ಯೂನಿಟ್. ಮುಚ್ಚಳ ಮುಚ್ಚುತ್ತೀರಾ? ಕರಗಿದ ಲೋಹ ಮೋಲ್ಡಿಗಾಗಿ ಕಾಯುತ್ತಾ ಕೂರುತ್ತದಾ? ರನ್ನರ್‌ಗೆ ಅಂಟಿದ ಮರಳನ್ನು ಕೊಡವದೆ ಹಾಗೇ ಹಾಕುತ್ತೀರಾ? ಹಾಗೆ ಹಾಕಿದರೆ ಮರಳನ್ನೂ ದುಡ್ಡು ಕೊಟ್ಟು ಕಾಯಿಸಿ, ಸ್ಲ್ಯಾಗ್ (ಕರಗಿದ ಲೋಹದ ಮೇಲೆ ತೇಲುವ ಕಸ) ಮಾಡಿ ಎಸೆದ ಹಾಗೆ.

ಎರಕದವನು

ಸಾರ್, ಇವತ್ತು ಸಂಜೆ ಫರ್ನೇಸ್ ಹತ್ತಿರ ಎರಡು ಗಂಟೆ ಸುಮ್ನೆ ನಿಂತಿದ್ದೆ. ಮುಚ್ಚಳ ಇದೆ. ಗೋಡೆಗೆ ಒರಗಿಸಿ ಇಟ್ಟಿದ್ದಾರೆ. ಅದರ ಮೇಲೆ ಹುಡುಗರ ಊಟದ ಡಬ್ಬಿ ಸಾಲಾಗಿ ಕೂತಿವೆ, ಬಿಸಿ ಆಗಲಿ ಅಂತ. ಕೇಳಿದರೆ, ಎತ್ತುವ ಮೋಟರ್ ಹೋಗಿ ಎರಡು ವರ್ಷ ಆಯ್ತಂತೆ. ಕೈಯಲ್ಲಿ ಎತ್ತಲು ಇಬ್ಬರು ಬೇಕು, ಮುಖ ಸುಡುತ್ತದೆ. “ಹೇಳಿದ್ವಿ ಅಣ್ಣ, ನೋಡೋಣ ಅಂದ್ರಿ.” ಯಾರು ಅಂದಿದ್ದು ಅಂದರೆ, ನಾನೇ.

ಸಂಜೆ ಶಿಫ್ಟ್

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಬೇರೆ ಊರಿನ ಫೌಂಡ್ರಿಯಲ್ಲಿ ಮೋಲ್ಡಿಂಗ್ ಸೂಪರ್‌ವೈಸರ್, 19 ವರ್ಷ. ಮುಚ್ಚಳದ ಕಥೆ ಎಲ್ಲ ಕಡೆ ಅದೇ.

ರಿಜೆಕ್ಷನ್ ಇಳಿಸಿ ಅಂತ ಎಲ್ಲರೂ ಹೇಳುತ್ತೀರಿ. ಮೋಲ್ಡಿಂಗ್ ಹುಡುಗರಿಗೆ ದುಡ್ಡು ಹೇಗೆ ಕೊಡುತ್ತೀರಿ ಅಂತ ಯಾರೂ ಕೇಳಲಿಲ್ಲ. ಬಾಕ್ಸ್, ಅಂದರೆ ಮಾಡಿದ ಅಚ್ಚಿನ ಲೆಕ್ಕದಲ್ಲಿ ಅಲ್ವಾ? ದಿನಕ್ಕೆ ಇಷ್ಟು ಬಾಕ್ಸ್ ಮೇಲೆ ಹೊಡೆದರೆ ಇನ್ಸೆಂಟಿವ್. ಹಾಗಿದ್ದ ಮೇಲೆ ಅವನು ಮೋಲ್ಡ್ ಊದಿ ಸ್ವಚ್ಛ ಮಾಡುತ್ತಾನಾ, ಕೋರ್ ಸರಿಯಾಗಿ ಕೂತಿದೆಯಾ ಅಂತ ನೋಡುತ್ತಾನಾ? ಮುಂದಿನ ಬಾಕ್ಸ್‌ಗೆ ಓಡುತ್ತಾನೆ. ತಪ್ಪು ಅವನದ್ದಲ್ಲ.

ಇನ್ನೊಂದು. 46 ಪ್ರಶ್ನೆಯಲ್ಲಿ ಧೂಳು ಇದೆಯಾ? ನಾಕ್‌ಔಟ್ (ಅಚ್ಚು ಒಡೆಯುವ ಜಾಗ), ಫೆಟ್ಲಿಂಗ್ (ಕಾಸ್ಟಿಂಗ್ ಉಜ್ಜಿ ಚೊಕ್ಕ ಮಾಡುವ ಜಾಗ) ಕಡೆ ನಿಂತು ನೋಡಿ. ಬಿಸಿಲು ಬಿದ್ದಾಗ ಗಾಳಿಯಲ್ಲಿ ಮಿನುಗುವ ಧೂಳಿನಲ್ಲಿ ಸಿಲಿಕಾ ಇದೆ, ಮರಳಿನದೇ ನುಣ್ಣನೆಯ ಪುಡಿ. ಕರ್ಚೀಫ್ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ. ಅದರಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್, ಬಂದ ಮೇಲೆ ವಾಸಿ ಆಗುವುದಲ್ಲ. ನನ್ನ ಜೊತೆ ಕೆಲಸಕ್ಕೆ ಸೇರಿದವನೊಬ್ಬ ಈಗ ಮನೆಯಲ್ಲಿ ಕೂತಿದ್ದಾನೆ, ನಾಲ್ಕು ಮೆಟ್ಟಿಲು ಹತ್ತಿದರೆ ನಿಂತುಬಿಡುತ್ತಾನೆ. ನಿಮ್ಮ ಪ್ಲಾನ್‌ನಲ್ಲಿ ಕಾರ್ಬನ್ ಪಕ್ಕದಲ್ಲಿ ಎದೆಯ ಎಕ್ಸ್‌ರೇ ಅಂತ ಒಂದು ಸಾಲು ಇರಲಿ.

ಪರ್ಚೇಸ್ ಡೆಸ್ಕ್

ಸಂಜೆ ಶಿಫ್ಟ್ ಅವರು ಹೇಳಿದ್ದು ಬಿಆರ್‌ಎಸ್‌ಆರ್ ಒಳಗೇ ಬರುತ್ತದೆ. ಕಾರ್ಮಿಕರ ಆರೋಗ್ಯ, ಸುರಕ್ಷತೆ ಅದರ ಒಂಬತ್ತು ತತ್ವಗಳಲ್ಲಿ ಒಂದು. ಆದರೆ ನಿಜ ಹೇಳುತ್ತೇನೆ, ನಮ್ಮ ಕಡೆಯವರು ಕಾರ್ಬನ್ ಕಾಲಂ ತುಂಬಿದೆಯಾ ಅಂತ ಮೊದಲು ನೋಡುತ್ತಾರೆ. ಎಕ್ಸ್‌ರೇ ಲೆಕ್ಕ ಕೊಟ್ಟ ಸಪ್ಲೈಯರ್ ನನಗೆ ಇನ್ನೂ ಸಿಕ್ಕಿಲ್ಲ.

ಹಳೇ ಮರಳು ಏನು ಮಾಡುತ್ತೀರಿ?

ಎರಕದವನು

ತಿಂಗಳಿಗೆ ಎಂಟು ಲೋಡ್ ಹೋಗುತ್ತದೆ. ಟ್ರಾಕ್ಟರ್‌ನವನು ಒಯ್ಯುತ್ತಾನೆ. ಎಲ್ಲಿಗೋ.

ಪರ್ಚೇಸ್ ಡೆಸ್ಕ್

ಆ ‘ಎಲ್ಲಿಗೋ’ ನಿಮ್ಮ 46 ಪ್ರಶ್ನೆಯಲ್ಲಿ ಅತಿ ಅಪಾಯದ ಉತ್ತರ. ನಾಳೆ ಆ ಮರಳು ಯಾರದೋ ಕೆರೆ ಅಂಗಳದಲ್ಲಿ ಸಿಕ್ಕರೆ ಮೊದಲು ಕೇಳೋದು ನಿಮ್ಮನ್ನು, ಎರಡನೆಯದು ನಮ್ಮನ್ನು. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಮರಳಿನ ಬಗ್ಗೆ ಏನಿದೆ ಓದಿ. ಯಂತ್ರದ ಹಳೇ ಆಯಿಲ್ ಅಪಾಯಕಾರಿ ತ್ಯಾಜ್ಯ, ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ಅದರ ವಾರ್ಷಿಕ ಲೆಕ್ಕ ಫಾರ್ಮ್ 4ರಲ್ಲಿ ಜೂನ್ 30ರ ಒಳಗೆ ಮಂಡಳಿಗೆ ಕೊಡಬೇಕು.

ಉದ್ಯಮಬಾಗ್

ನಮಸ್ಕಾರ್ರೀ, ಬೆಳಗಾವಿಯಿಂದ. ನಮ್ಮದೂ ಫೌಂಡ್ರಿ. ಇಲ್ಲಿ ಫೌಂಡ್ರಿಗಳು ಒಟ್ಟಾಗಿ ಕ್ಲಸ್ಟರ್ ಮಾಡಿಕೊಂಡಿದ್ದೇವೆ, ಹಳೇ ಮರಳನ್ನು ಮತ್ತೆ ಬಳಸುವ ಹಾಗೆ ಮಾಡುವ ರಿಕ್ಲೆಮೇಷನ್ ಘಟಕವೂ ಅದರಲ್ಲೇ ಇದೆ. ಒಬ್ಬೊಬ್ಬರೇ ಹಾಕೋಕೆ ಆಗೋ ಯಂತ್ರ ಅಲ್ಲ ಅದು. ನಿಮ್ಮ ಕಡೆಯವರು ನಾಲ್ಕೈದು ಮಂದಿ ಕೂಡಿ ಒಂದು ಸಲ ಬಂದು ನೋಡಿ ಹೋಗ್ರಿ.

ನಾನು ಕೇಳಬೇಕು ಅಂದುಕೊಂಡಿದ್ದು ಬೇರೆ. ರಿಜೆಕ್ಷನ್ 132ರಲ್ಲಿ 12 ಟನ್ ಅಂದಿರಲ್ಲ, ಅಂದರೆ 9%, ಅದು ಯಾವ ಶಿಫ್ಟಿನದು? ಒಟ್ಟು ಲೆಕ್ಕ ಬೇಡ, ಬೇರೆ ಬೇರೆ ಹೇಳ್ರಿ. ಯಾವ ದೋಷ ಜಾಸ್ತಿ?

ಎರಕದವನು

ರಿಜಿಸ್ಟರ್‌ನಲ್ಲಿ ಶಿಫ್ಟ್ ಬರೆದಿರಲಿಲ್ಲ. ಒಂದು ವಾರ ಬರೆಸಿದೆ. ಮೊದಲ ಶಿಫ್ಟ್ 6%, ಎರಡನೆಯದು 12%. ಬ್ಲೋ ಹೋಲ್ (ಆವಿ, ಗಾಳಿ ಸಿಕ್ಕಿಕೊಂಡು ಆಗುವ ತೂತು), ಮರಳು ಕುಸಿದದ್ದು ಜಾಸ್ತಿ. ಅಪ್ಪ ಎರಡನೇ ಶಿಫ್ಟಿನ ಮೇಸ್ತ್ರಿಗೆ ಬೈಯೋಕೆ ಹೊರಟಿದ್ದರು, ತಡೆದಿದ್ದೇನೆ.

ಉದ್ಯಮಬಾಗ್

ಬೈಯಬೇಡ್ರಿ! ಮೇಸ್ತ್ರಿ ಕೈಯಲ್ಲಿ ಏನೂ ಇಲ್ಲ. ಮರಳು ಬಿಸಿ ಇರುತ್ತೆ. ಬೆಳಿಗ್ಗೆ ಮರಳು ರಾತ್ರಿಯೆಲ್ಲ ತಣ್ಣಗಾಗಿ ಕೂತಿರುತ್ತೆ, ಮೋಲ್ಡ್ ಚೆನ್ನಾಗಿ ಬರುತ್ತೆ. ಮಧ್ಯಾಹ್ನದ ಹೊತ್ತಿಗೆ ಅದೇ ಮರಳು ಎರಡು ಮೂರು ಸುತ್ತು ಲೋಹ ಕುಡಿದು ವಾಪಸ್ ಬಂದಿರುತ್ತೆ. ಬಿಸಿ ಮರಳಿಗೆ ಎಷ್ಟು ನೀರು ಹಾಕಿದರೂ ಆವಿ. ಮೇಲ್ಮೈ ಒಣಗುತ್ತೆ, ಕುಸಿಯುತ್ತೆ. ಹುಡುಗರು ನೀರು ಜಾಸ್ತಿ ಹೊಡೆಯುತ್ತಾರೆ. ಆಗ ಬ್ಲೋ ಹೋಲ್. ನಮ್ಮಲ್ಲೂ ಇದೇ ಆಗಿತ್ತು, ಮೂರು ವರ್ಷ ಮಂದಿಯನ್ನೇ ಬೈದೆವು.

ಒಂದು ಥರ್ಮಾಮೀಟರ್ ತಗೊಳ್ರಿ. ಮಿಕ್ಸರ್‌ಗೆ ಹೋಗೋ ಮರಳಿನ ಬಿಸಿ ಗಂಟೆಗೊಂದು ಸಲ ಬರೆಯಿರಿ. 50 ಡಿಗ್ರಿ ದಾಟಿದ್ದರೆ ನಿಮ್ಮ ಉತ್ತರ ಅಲ್ಲೇ ಐತಿ.

ಭದ್ರಾವತಿ ಹಳಬ

ನಿಮ್ಮ ಮಾತು ಓದಿ ನನಗೂ ಹೇಳಬೇಕು ಅನ್ನಿಸಿತು. ನಿವೃತ್ತಿ ಆಗಿ ಬಹಳ ವರ್ಷ ಆಯ್ತು. ನಮ್ಮ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದಾಗ ಕಲ್ಲಿದ್ದಲಿನಿಂದ ಅಲ್ಲ, ಸುತ್ತಲ ಕಾಡಿನ ಸೌದೆ ಸುಟ್ಟ ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯಿಂದ. ಇದ್ದಿಲು ಮಾಡುವಾಗ ಬರುವ ಹೊಗೆಯನ್ನೂ ಬಿಡದೆ ಹಿಡಿದು, ಅದರಿಂದ ರಾಸಾಯನಿಕ ತೆಗೆಯುವ ಘಟಕವೇ ಇತ್ತು. ಆಗ ಅದಕ್ಕೆ ಸಸ್ಟೈನಬಿಲಿಟಿ ಅಂತ ಹೆಸರಿರಲಿಲ್ಲ. ಆಮೇಲೆ ಜೋಗದ ಕರೆಂಟ್ ಬಂತು, ವಿದ್ಯುತ್ ಕುಲುಮೆ ಬಂತು.

ಹಾಗಂತ ಹಳೇದೆಲ್ಲ ಚಿನ್ನ ಅಂತ ಹೇಳುತ್ತಿಲ್ಲ. ಆ ಇದ್ದಿಲಿಗೆ ಎಷ್ಟು ಕಾಡು ಹೋಯಿತು ಅಂತ ಮಲೆನಾಡಿನವರಿಗೆ ಗೊತ್ತು. ಹೊಗೆ ಹಿಡಿದರು, ಮರ ಉಳಿಯಲಿಲ್ಲ.

ಸುಮ್ನಿರೋಲ್ಲ

ಹಿರಿಯರೇ ಚೆನ್ನಾಗಿ ಹೇಳಿದಿರಿ. ಆದರೆ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಪ್ಲಾನ್ ಮಾಡಿ, ಮೋಟರ್ ಹಾಕಿ, ಮಾಸ್ಕ್ ಕೊಡಿ, ಎಕ್ಸ್‌ರೇ ತೆಗೆಸಿ. ಸರಿ. ದುಡ್ಡು? ಗಿರಾಕಿ ಒಂದು ಕೈಯಲ್ಲಿ ಪ್ಲಾನ್ ಕೇಳಿ ಇನ್ನೊಂದು ಕೈಯಲ್ಲಿ 2% ಕಿತ್ತುಕೊಳ್ಳುತ್ತಿದ್ದಾನಲ್ಲ.

ಲೆಡ್ಜರ್

ದುಡ್ಡಿನ ಮಾತು ಬಂತಲ್ಲ, ನಾನು ಬರುತ್ತೇನೆ. ಎರಕದವನು ಅವರೇ, ನಿಮ್ಮ ಬಿಲ್ ಎಷ್ಟು ದಿನಕ್ಕೆ ಪಾಸ್ ಆಗುತ್ತದೆ?

ಎರಕದವನು

ಕಾಗದದಲ್ಲಿ 45. ನಿಜವಾಗಿ 90. ಮಾರ್ಚ್‌ನಲ್ಲಿ ಮಾತ್ರ ಬೇಗ ಬರುತ್ತದೆ, ಯಾಕೋ.

ಲೆಡ್ಜರ್

ಯಾಕೆ ಅಂದರೆ ಆದಾಯ ತೆರಿಗೆಯ ಒಂದು ನಿಯಮ. 2023-24ರಿಂದ 43ಬಿ(ಎಚ್) ಅನ್ನೋ ಕಲಮಾಗಿ ಬಂದದ್ದು. ಕಿರು ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನು ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾಗಿ ವರ್ಷ ದಾಟಿದರೆ ಆ ವರ್ಷದ ಖರ್ಚಾಗಿ ತೋರಿಸುವ ಹಾಗಿಲ್ಲ. ಅದಕ್ಕೇ ಮಾರ್ಚ್‌ನಲ್ಲಿ ಎಲ್ಲರಿಗೂ ನಿಮ್ಮ ನೆನಪು. 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ ತಡವಾದ ದಿನಕ್ಕೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯೂ ಕೇಳಬಹುದು. ಇರುವ ಒಬ್ಬ ಗಿರಾಕಿ ಮೇಲೆ ಯಾರು ಕೇಸ್ ಹಾಕುತ್ತಾರೆ, ಅದು ಬೇರೆ ಮಾತು.

ನನ್ನ ಸಲಹೆ. ಪ್ಲಾನ್ ಜೊತೆ ಹೋಗುವ ಪತ್ರದಲ್ಲಿ ಒಂದು ಸಾಲು ಸೇರಿಸಿ: ಬಿಲ್ 45 ದಿನಕ್ಕೆ ಬಂದರೆ ಇಂತಿಷ್ಟು ಬಡ್ಡಿ ಉಳಿಯುತ್ತದೆ, ಅದನ್ನು ಈ ಈ ಕೆಲಸಕ್ಕೆ ಹಾಕುತ್ತೇವೆ. ತಿಂಗಳಿಗೆ ಕೋಟಿ ಚಿಲ್ಲರೆ ವ್ಯವಹಾರ ಇದ್ದರೆ, ಅವರ ಮುಕ್ಕಾಲು ಪಾಲಿನ ಮೇಲೆ 45 ದಿನದ ಓವರ್‌ಡ್ರಾಫ್ಟ್ ಬಡ್ಡಿ ಅಂದರೆ ಸಣ್ಣ ದುಡ್ಡಲ್ಲ. ಭಿಕ್ಷೆ ಕೇಳಿದ ಹಾಗೂ ಆಗಲ್ಲ. ಅವರ ವರದಿಯಲ್ಲೂ ಸಪ್ಲೈಯರ್‌ಗೆ ಎಷ್ಟು ದಿನಕ್ಕೆ ದುಡ್ಡು ಕೊಡುತ್ತೀರಿ ಅನ್ನೋ ಕಾಲಂ ಇದೆ.

ಸರ್ಕಾರದ ಕಡೆಯಿಂದ ಎರಡು ಇವೆ. ಒಂದು ಜೆಡ್ ಸರ್ಟಿಫಿಕೇಟ್, ಮಾಲಿನಲ್ಲಿ ದೋಷವಿಲ್ಲ, ಪರಿಸರಕ್ಕೆ ಹಾನಿಯಿಲ್ಲ ಅನ್ನೋದಕ್ಕೆ. ಅದರ ಮೊದಲ ಹಂತ ಬ್ರಾಂಜ್, ಶುಲ್ಕ 10,000 ರೂಪಾಯಿ. ನಿಮ್ಮ ಟರ್ನೋವರ್ 10 ಕೋಟಿ ದಾಟಿದೆ ಅನ್ನಿಸುತ್ತದೆ, ಹಾಗಾದರೆ ನೀವು ‘ಸಣ್ಣ’ ವರ್ಗ, 60% ಸಬ್ಸಿಡಿ. ಕಿರು ಉದ್ಯಮಕ್ಕಾದರೆ 80%. ಇನ್ನೊಂದು, ಕೇಂದ್ರದ ಇಂಧನ ದಕ್ಷತಾ ಬ್ಯೂರೋ (ಬಿಇಇ) ಅವರ ಅದಿತಿ ಯೋಜನೆ, 2025ರಲ್ಲಿ ಬಂತು. ಕರೆಂಟ್ ಉಳಿಸುವ ಯಂತ್ರಕ್ಕೆ ಸಾಲ ತೆಗೆದರೆ ಕಿರು, ಸಣ್ಣ ಘಟಕಕ್ಕೆ ಬಡ್ಡಿಯಲ್ಲಿ 5% ಅವರು ಭರಿಸುತ್ತಾರೆ. ಫೌಂಡ್ರಿ ಅದರ ಪಟ್ಟಿಯಲ್ಲಿದೆ. ನಿಮ್ಮ ಜಿಲ್ಲೆಗೆ ಬಂದಿದೆಯಾ ವಿಚಾರಿಸಿ.

ಯೂನಿಟ್ ಲೆಕ್ಕ

ಭಾನುವಾರ ಒಂದು ಕೆಲಸ ಮಾಡಿ. ಎಲ್ಲಾ ಯಂತ್ರ ಆಫ್, ಕಂಪ್ರೆಸರ್ ಮಾತ್ರ ಆನ್. ಗಾಳಿ ಯಾರೂ ಬಳಸದಿದ್ದರೂ ಅದು ಎಷ್ಟು ಹೊತ್ತು ಲೋಡ್ ಆಗುತ್ತದೆ (ಗಾಳಿ ತುಂಬುತ್ತದೆ), ಎಷ್ಟು ಹೊತ್ತು ಅನ್‌ಲೋಡ್ ಆಗುತ್ತದೆ (ತುಂಬದೆ ಸುಮ್ನೆ ಇರುತ್ತದೆ) ಅಂತ ವಾಚ್ ಹಿಡಿದು ನೋಡಿ. ಖರ್ಚು ಸೊನ್ನೆ.

ಎರಕದವನು

ಭಾನುವಾರದ ವರದಿ.

ನಾನು, ಫಿಟ್ಟರ್, ಮತ್ತೆ ಬೇಡ ಅಂದರೂ ಬಂದ ಅಪ್ಪ. ಎರಡು ನಿಮಿಷ ಲೋಡ್, ನಾಲ್ಕು ನಿಮಿಷ ಅನ್‌ಲೋಡ್. ಮೂರು ನಾಲ್ಕು ಸಲ ನೋಡಿದೆವು, ಅದೇ. ಅಂದರೆ ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ ಮೂರರಲ್ಲಿ ಒಂದು ಪಾಲು ಸೋರಿ ಹೋಗುತ್ತಿದೆ. ಶೆಡ್ ಪೂರ್ತಿ ನಿಶ್ಶಬ್ದ ಇದ್ದಾಗ ಕೇಳಿಸುತ್ತೆ ಸಾರ್, ಅಲ್ಲಲ್ಲಿ ಬುಸ್ ಅಂತ. ಕೆಲಸದ ದಿನ ಯಾರಿಗೂ ಕೇಳಿಸಲ್ಲ. ಬಕೆಟ್‌ನಲ್ಲಿ ಸೋಪು ನೀರು, ಒಂದು ಪೇಂಟ್ ಬ್ರಷ್. 23 ಕಡೆ ನೊರೆ ಬಂತು. ಫೆಟ್ಲಿಂಗ್ ಹತ್ತಿರದ ಪೈಪಿಗೆ ಯಾರೋ ಸೈಕಲ್ ಟ್ಯೂಬ್ ಕೊಯ್ದು ಸುತ್ತಿ ತಂತಿ ಬಿಗಿದಿದ್ದರು. ಅದೇ ಎಲ್ಲಕ್ಕಿಂತ ದೊಡ್ಡದು. ಕಟ್ಟಿದವನು ಪಾಪ ಕೆಲಸ ನಿಲ್ಲಬಾರದು ಅಂತ ಕಟ್ಟಿದ್ದಾನೆ.

14 ಸರಿ ಮಾಡಿದೆವು. ಈಗ ಒಂದು ನಿಮಿಷ ಲೋಡ್, ಐದೂವರೆ ನಿಮಿಷ ಅನ್‌ಲೋಡ್. ಖರ್ಚು ಕ್ಲಾಂಪು, ಪೈಪು ಸೇರಿ 3,400 ರೂಪಾಯಿ. ಅಪ್ಪ ಮಧ್ಯಾಹ್ನದವರೆಗೂ ಬ್ರಷ್ ಹಿಡಿದುಕೊಂಡೇ ಓಡಾಡಿದರು.

ಯೂನಿಟ್ ಲೆಕ್ಕ

ಸೋರಿಕೆ 33ರಿಂದ 15%ಗೆ ಇಳಿದಿದೆ. 22 ಕಿಲೋವ್ಯಾಟ್ ಕಂಪ್ರೆಸರ್ ಆದರೆ ಎರಡು ಶಿಫ್ಟಿಗೆ ತಿಂಗಳಿಗೆ ಹೆಚ್ಚೆಂದರೆ 1,600 ಯೂನಿಟ್ ಉಳಿತಾಯ. ಪ್ರೆಷರ್ ಎಷ್ಟಕ್ಕೆ ಇಟ್ಟಿದ್ದೀರಿ? ಒಂದು ಬಾರ್ ಇಳಿಸಿದರೆ ಇನ್ನೂ ಆರೇಳು ಪರ್ಸೆಂಟ್ ಉಳಿಯುತ್ತದೆ. ಮೋಲ್ಡಿಂಗ್ ಯಂತ್ರ ಒಪ್ಪುತ್ತದಾ ಅಂತ ಸ್ವಲ್ಪ ಸ್ವಲ್ಪವೇ ಇಳಿಸಿ ನೋಡಿ.

ಎರಕದವನು

ಕರಡು ಪ್ಲಾನ್ ಮಾಡಿದ್ದೇನೆ. ಒಂದೂವರೆ ಪುಟ. ಹರಿದು ಹಾಕಿ ಎಲ್ಲರೂ.

ಹೋದ ವರ್ಷದ ಸರಾಸರಿ ಆಧಾರ: ಗೇಟು ದಾಟಿದ ಪ್ರತಿ ಟನ್ ಕಾಸ್ಟಿಂಗ್‌ಗೆ 1,292 ಯೂನಿಟ್. ಮೂರು ವರ್ಷದಲ್ಲಿ 1,180ಕ್ಕೆ ಇಳಿಸುವುದು. ಮೊದಲ ವರ್ಷ ಫರ್ನೇಸ್ ಮುಚ್ಚಳದ ಮೋಟರ್, ಗಾಳಿ ಸೋರಿಕೆ, ಶಿಫ್ಟ್‌ವಾರು ರಿಜೆಕ್ಷನ್ ಲೆಕ್ಕ. ಫೆಟ್ಲಿಂಗ್, ನಾಕ್‌ಔಟ್‌ನ 17 ಜನರಿಗೆ ಸರಿಯಾದ ಮಾಸ್ಕ್, ಎದೆಯ ಎಕ್ಸ್‌ರೇ. ಎರಡನೇ ವರ್ಷ ಮರಳು ತಣಿಸುವ ವ್ಯವಸ್ಥೆ, ಧೂಳು ಎಳೆಯುವ ಡಕ್ಟ್, ರಿಜೆಕ್ಷನ್ ಅರ್ಧಕ್ಕೆ. ಹಳೇ ಮರಳಿಗೆ ಅಕ್ಕಪಕ್ಕದ ಫೌಂಡ್ರಿಯವರ ಜೊತೆ ಒಂದು ದಾರಿ. ಅಲ್ಲಿಯವರೆಗೆ ಪ್ರತಿ ಲೋಡ್ ಎಲ್ಲಿಗೆ ಹೋಯಿತು ಅಂತ ಚೀಟಿ. ಮೂರನೇ ವರ್ಷ ಶೀಟ್ ಬದಲಾವಣೆ, ಆಮೇಲೆ ಸೋಲಾರ್. ಪ್ರತಿ ಸಾಲಿನ ಮುಂದೆ ಯಾರು ಮಾಡುತ್ತಾರೆ, ಎಷ್ಟು ದುಡ್ಡು, ಎಲ್ಲಿಂದ. ಕೊನೆಯಲ್ಲಿ 2050ಕ್ಕೆ ನೆಟ್ ಝೀರೋ, ಅಂದರೆ ಒಟ್ಟು ಲೆಕ್ಕದಲ್ಲಿ ಕಾರ್ಬನ್ ಸೊನ್ನೆ.

ಪರ್ಚೇಸ್ ಡೆಸ್ಕ್

ನನ್ನ ಮೇಜಿಗೆ ಬಂದ ಪ್ಲಾನ್‌ಗಳಲ್ಲಿ ಇಷ್ಟು ಚೊಕ್ಕದ್ದು ಕಮ್ಮಿ. ಕೊನೆಯ ಸಾಲು ತೆಗೆಯಿರಿ. 2050ಕ್ಕೆ ನೀವು, ನಾನು ಇಬ್ಬರೂ ಎಲ್ಲಿರುತ್ತೇವೋ. ಉಳಿದಿದ್ದೆಲ್ಲ ನಂಬುವ ಹಾಗಿದೆ, ಅದೊಂದು ಸಾಲು ಎಲ್ಲದರ ಮೇಲೂ ಅನುಮಾನ ತರಿಸುತ್ತದೆ.

ಯುರೋಪಿನ ಕಾರ್ಬನ್ ಸುಂಕದ ಬಗ್ಗೆ ಯಾರಾದರೂ ಹೆದರಿಸಿದರೆ, 2026ರ ಜನವರಿಯಿಂದ ಅದು ಪೂರ್ತಿ ಜಾರಿಯಲ್ಲಿದೆ, ನಿಜ. ಆದರೆ ನೀವು ನೇರವಾಗಿ ರಫ್ತು ಮಾಡುತ್ತಿಲ್ಲ. ಟನ್‌ಗೆ ಎಷ್ಟು ಯೂನಿಟ್ ಅನ್ನೋ ಲೆಕ್ಕ ಬಿಡದೆ ಇಟ್ಟಿರಿ. ಕೇಳಿದ ದಿನ ಕೊಡಬಹುದು.

ಸಂಜೆ ಶಿಫ್ಟ್

ಎಕ್ಸ್‌ರೇ ಸೇರಿಸಿದ್ದಕ್ಕೆ ಥ್ಯಾಂಕ್ಸ್ ಅಣ್ಣ. ಒಂದು ಮಾತು, ಎಕ್ಸ್‌ರೇಯಲ್ಲಿ ಏನಾದರೂ ಸಿಕ್ಕಿದವನನ್ನು ಕೆಲಸದಿಂದ ತೆಗೆಯಲ್ಲ, ಬೇರೆ ಜಾಗಕ್ಕೆ ಹಾಕುತ್ತೇವೆ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಆ ದಿನ 17ರಲ್ಲಿ ಐದು ಜನ ಬರುತ್ತಾರೆ. ಸಿಲಿಕೋಸಿಸ್ ಸಿಕ್ಕರೆ ಕಾರ್ಖಾನೆ ಇಲಾಖೆಗೆ ತಿಳಿಸಲೇಬೇಕು, ಅದನ್ನೂ ಮುಚ್ಚಿಡಬೇಡಿ.

ಬಾಕ್ಸ್ ಲೆಕ್ಕದ ಇನ್ಸೆಂಟಿವ್ ಏನು ಮಾಡಿದಿರಿ? ಪ್ಲಾನ್‌ನಲ್ಲಿ ಇಲ್ಲ.

ಎರಕದವನು

ಅದಕ್ಕೆ ಇನ್ನೂ ಧೈರ್ಯ ಬಂದಿಲ್ಲ. ಒಳ್ಳೆ ಕಾಸ್ಟಿಂಗ್ ಲೆಕ್ಕಕ್ಕೆ ಬದಲಾಯಿಸಿದರೆ, ಮರಳು ಬಿಸಿ ಇದ್ದದ್ದಕ್ಕೆ ಹುಡುಗರ ದುಡ್ಡು ಕತ್ತರಿಸಿದ ಹಾಗೆ ಆಗುತ್ತದೆ. ಮೊದಲು ಮರಳು ಸರಿ ಮಾಡಿ, ಆಮೇಲೆ ಅವರನ್ನು ಕೂರಿಸಿ ಮಾತಾಡುತ್ತೇನೆ. ‘ಎಕ್ಸ್‌ರೇ ಬಂದರೂ ಕೆಲಸ ಹೋಗಲ್ಲ’ ಅನ್ನೋದನ್ನು ಕನ್ನಡದಲ್ಲಿ ಬರೆದು ಟೈಮ್ ಆಫೀಸ್ ಪಕ್ಕ ಅಂಟಿಸಿದ್ದೇನೆ.

ಸುಮ್ನಿರೋಲ್ಲ

ಒಪ್ಪಿದೆ, ಪ್ಲಾನ್ ಚೆನ್ನಾಗಿದೆ. ರೇಟ್ ಕಟ್ ಏನಾಯ್ತು ಹೇಳಿ.

ಎರಕದವನು

ಇನ್ನೂ ಉತ್ತರ ಕೊಟ್ಟಿಲ್ಲ. ಪತ್ರದಲ್ಲಿ ಲೆಡ್ಜರ್ ಸಾರ್ ಹೇಳಿದ 45 ದಿನದ ಸಾಲು ಹಾಕಿದ್ದೆ. ಪ್ರಿಂಟ್ ತೆಗೆದು ಅಪ್ಪನಿಗೆ ಕೊಟ್ಟರೆ, ಪೆನ್ನಲ್ಲಿ ಆ ಸಾಲು ಹೊಡೆದು ಹಾಕಿದ್ದಾರೆ. “30 ವರ್ಷದ ಗಿರಾಕಿ, ಇದನ್ನೆಲ್ಲ ಬರೆದು ಕೊಡ್ತಾರಾ” ಅಂತ. ಕಂಪ್ಯೂಟರ್‌ನಲ್ಲಿ ನಾನಿನ್ನೂ ತೆಗೆದಿಲ್ಲ. 20ಕ್ಕೆ ಮೂರು ದಿನ ಇದೆ.

ಉದ್ಯಮಬಾಗ್

ಅದು ಇರಲಿ, ಮರಳಿನ ಬಿಸಿ ಎಷ್ಟು ಬಂತು?

ಎರಕದವನು

ಬೆಳಿಗ್ಗೆ ಏಳಕ್ಕೆ 31. ಸಂಜೆ ಆರಕ್ಕೆ 58.